ತವರಿನ ಗಾಳಿ

ಹೆದರಿಕೆಯಲ್ಲಿ ಬಗೆಬಗೆ ಉಂಟು. ಹಲ್ಲಿಗೆ ಹೆದರುವವರಿದ್ದಾರೆ, ಹಲ್ಲಿನ ಡಾಕ್ಟರಿಗೆ ಹೆದರುವವರಿದ್ದಾರೆ, ಕತ್ತಲೆಗೆ ಹೆದರುವವರಿದ್ದಾರೆ, ದೀಪ ಹಾಕಿದ ಮೇಲೆ ಎದುರಿಗೆ ಕಂಡವರಿಗೆ ಹೆದರುವವರಿದ್ದಾರೆ. ನಾನು ಇವುಗಳಲ್ಲಿ ಭೇದ ಮಾಡಿದವನಲ್ಲ. ಎಲ್ಲಕ್ಕೂ ಸಮನಾಗಿ, ನಿಷ್ಪಕ್ಷಪಾತವಾಗಿ ಹೆದರಿಕೊಂಡು ಐವತ್ತೆಂಟು ವರ್ಷ ಕಳೆದಿದ್ದೇನೆ. ಆದರೆ ಒಂದೇ ಮಧ್ಯಾಹ್ನ, ಒಂದೇ ಕೋಣೆಯಲ್ಲಿ ನಿಂತು, ಇಬ್ಬರು ಹೆಂಗಸರಿಗೆ ಎರಡು ದಿಕ್ಕಿನಿಂದ ಹೆದರುವ ಯೋಗ ಕೂಡಿಬಂದದ್ದು ಹೋದ ತಿಂಗಳು. ಅದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ನನಗೆ ಉಸಿರು ಕಟ್ಟುತ್ತದೆ. (ಉಸಿರು ಕಟ್ಟುವುದಕ್ಕೂ ನನಗೆ ಹೆದರಿಕೆಯೇ.)

ನನ್ನ ಕಸುಬು ಗಾಳಿ. ಬಾಯಿಮಾತಿನ ಗಾಳಿಯಲ್ಲ, ನಿಜವಾದ ಗಾಳಿ. ನಮ್ಮ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ ಇಪ್ಪತ್ತಾರು ವರ್ಷಗಳಿಂದ ಎ.ಸಿ. ಆಪರೇಟರ್. ಐದು ಸಾವಿರ ಜನ ಬೆವರದೆ ಕೂತು ಆಟ ನೋಡುತ್ತಾರೆಂದರೆ ಅದು ನನ್ನ ಕೃಪೆ. ಹೀಗೆ ಸಾಕ್ಷಾತ್ ವಾಯುದೇವರ ಕುರ್ಚಿಯಲ್ಲಿ ಕೂತವನು ಮನೆಗೆ ಬಂದರೆ ಫ್ಯಾನಿನ ಗುಂಡಿ ಮುಟ್ಟುವ ಹಾಗಿಲ್ಲ. ಅದು ಹೆಂಡತಿಯ ಖಾತೆ. ನಡುಮನೆಯಲ್ಲಿ ಕತ್ತು ತಿರುಗಿಸುವ ಟೇಬಲ್ ಫ್ಯಾನ್ ಒಂದಿದೆ. ಅದು ಅತ್ತೆಗೆ ಗಾಳಿ ಕೊಟ್ಟು, ಬಾಮೈದನಿಗೆ ಕೊಟ್ಟು, ಹೆಂಡತಿಗೆ ಧಾರಾಳವಾಗಿ ಕೊಟ್ಟು, ಇನ್ನೇನು ನನ್ನ ಕುರ್ಚಿಯ ಕಡೆ ಬರಬೇಕು ಅನ್ನುವಷ್ಟರಲ್ಲಿ ಮನಸ್ಸು ಬದಲಾಯಿಸಿ ಹಿಂದಕ್ಕೆ ತಿರುಗುತ್ತದೆ.

ಮನೆಯಲ್ಲಿ ಯಾರ್ಯಾರಿದ್ದೇವೆ ಎನ್ನುವುದು ಇದರಲ್ಲೇ ಗೊತ್ತಾಗಿರಬೇಕು. ಪತ್ರಿಕೆಯ ಕ್ರೀಡಾಪುಟದಲ್ಲಿ 'ತವರು ನೆಲದ ಅನುಕೂಲ' ಅಂತ ಬರೆಯುತ್ತಾರಲ್ಲ, ಬೇರೆ ಹೆಂಗಸರಿಗೆ ಅದು ವರ್ಷಕ್ಕೊಮ್ಮೆ ನಾಲ್ಕು ದಿನ ಸಿಗುವಂಥದ್ದು. ನನ್ನ ಹೆಂಡತಿಯ ತವರು ಅತ್ತೆ ಮತ್ತು ಬಾಮೈದನ ರೂಪದಲ್ಲಿ ನನ್ನ ಮನೆಗೇ ಬಂದು ಕೂತಿರುವುದರಿಂದ ಅವಳಿಗೆ ಮುನ್ನೂರ ಅರವತ್ತೈದು ದಿನವೂ ತವರು ನೆಲವೇ. ಯಾವ ಜಗಳಕ್ಕೂ ಅಂಪೈರು ಅತ್ತೆ. ಪ್ರೇಕ್ಷಕ ವೃಂದ ಬಾಮೈದ. ನಾನು ಪ್ರವಾಸಿ ತಂಡ.

ಹೋದ ತಿಂಗಳು ನಮ್ಮ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಪಂದ್ಯಾವಳಿ. (ಆಟಕ್ಕೆ ಪುಕ್ಕದ ಚೆಂಡು, ಗಾಳಿಗೆ ಪುಕ್ಕಲ ಆಪರೇಟರ್. ಜೋಡಿ ಸರಿಯಾಗಿತ್ತು.) ಹದಿನಾಲ್ಕು ದೇಶಗಳಿಂದ ಆಟಗಾರರು ಬಂದಿದ್ದರು. ನಮ್ಮ ದೇಶದ ಪರವಾಗಿ ಆಡುವವರಲ್ಲಿ ಒಬ್ಬಳು ನಮ್ಮ ಕಟ್ಟಡದ ನೆಲಮಹಡಿಯ ಟೈಲರ್ ಮಗಳು. ನಾವೆಲ್ಲ ಅವಳನ್ನು ಗುಬ್ಬಿ ಅನ್ನುತ್ತೇವೆ. ಏಳು ವರ್ಷದವಳಿದ್ದಾಗ ಕ್ರೀಡಾಂಗಣದ ಪರದೆ ಹೊಲಿಯಲು ಬಂದ ಅಪ್ಪನ ಹಿಂದೆ ಬಂದು, ಮೂಲೆಯಲ್ಲಿ ಬಿದ್ದಿದ್ದ ಮುರುಕು ರ‍್ಯಾಕೆಟ್ ಎತ್ತಿಕೊಂಡು ಗೋಡೆಗೆ ಹೊಡೆಯಲು ಶುರು ಮಾಡಿದವಳು. ಅಂದಿನಿಂದ ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ನಾನು ಯಂತ್ರ ಚಾಲೂ ಮಾಡುವ ಹೊತ್ತಿಗೆ ಅವಳು ಹಾಜರು. ಈ ಪಂದ್ಯಾವಳಿ ಗೆದ್ದರೆ ವಿಶ್ವಕೂಟಕ್ಕೆ ಹೋಗುವ ದೇಶದ ತಂಡದಲ್ಲಿ ಅವಳಿಗೆ ಜಾಗ. ಸೋತರೆ ಇನ್ನೆರಡು ವರ್ಷ ಕಾಯಬೇಕು. ಟೈಲರ್ ಅಂಗಡಿಗೆ ಬೀಗ ಹಾಕಿ, ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಬೀದಿಯಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದ.

ಗುಬ್ಬಿ ಮೊದಲ ಸುತ್ತು ಗೆದ್ದ ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಪತ್ರಿಕೆ ಓದಿದಳು. ಅವಳು ಪತ್ರಿಕೆ ಓದಿದ ದಿನ ನಾನು ಮನೆಯಿಂದ ಬೇಗ ಹೊರಡುವುದು ವಾಡಿಕೆ. ಅಂದು ಒಂದು ಕಾಲಿನ ಚಪ್ಪಲಿ ಸಿಗಲಿಲ್ಲ.

"ಕೇಳ್ರೀ ಇಲ್ಲಿ. ಆಟ ಯಾವ ದೇಶದಲ್ಲಿ ನಡೆಯುತ್ತೋ ಆ ದೇಶದೋರು ಮಾಮೂಲಿಗಿಂತ ಜಾಸ್ತಿ ಪದಕ ಗೆಲ್ತಾರಂತೆ. ಪಟ್ಟೀನೇ ಹಾಕಿದಾರೆ."

"ಯಾಕಂತೆ ಅಕ್ಕಾ?" ಅಂದ ಬಾಮೈದ. ಅವನು ಶಾಲಾ ಬಸ್ಸಿನ ಡ್ರೈವರು. ಅರವತ್ತು ಮಕ್ಕಳನ್ನು ದಿನಾ ಎರಡು ಸಲ ಸಾಗಿಸುವವನಾದ್ದರಿಂದ ಲೋಕದ ಯಾವ ವಿಷಯಕ್ಕೂ ಗಾಬರಿಯಾಗುವುದಿಲ್ಲ.

"ಕಾರಣ ಕೊಟ್ಟಿದಾರೆ. ಒಂದು, ನಮ್ಮ ಜನ ಕೂಗ್ತಾರೆ. ಎರಡು, ನಮ್ಮೋರಿಗೆ ಪ್ರಯಾಣದ ಸುಸ್ತು ಇರಲ್ಲ. ಮೂರು, ಆ ಕೂಗಾಟ ಕೇಳಿ ಅಂಪೈರುಗಳ ಮನಸ್ಸು ಸ್ವಲ್ಪ ನಮ್ಮ ಕಡೆ ವಾಲುತ್ತೆ. ನಾಲ್ಕು..." ಇಲ್ಲಿ ಪತ್ರಿಕೆಯನ್ನು ತೊಡೆಯ ಮೇಲಿಟ್ಟು ನನ್ನನ್ನೇ ನೋಡಿದಳು. "ನಾಲ್ಕು, ಅಲ್ಲಿನ ನೆಲ, ಬೆಳಕು, ಗಾಳಿ."

ಫ್ಯಾನಿನ ಕತ್ತು ಕೂಡ ಆ ಕ್ಷಣ ನನ್ನ ಕಡೆ ತಿರುಗಿದ ಹಾಗೆ ನನಗೆ ಭಾಸವಾಯಿತು.

"ನಾನು ಹೊರಡ್ತೀನಿ," ಅಂದೆ.

"ಒಂದೇ ಚಪ್ಪಲೀಲಿ ಎಲ್ಲಿಗೆ ಹೊರಡ್ತೀರಿ? ಕೂತ್ಕೊಳ್ಳಿ. ಅಂಪೈರು ಬೇರೆ ದೇಶದೋರು, ನಮ್ಮ ಕೈಲಿಲ್ಲ. ಜನ ಅವರ ಪಾಡಿಗೆ ಅವರು ಕೂಗ್ತಾರೆ. ಗಾಳಿ ಯಾರದ್ದು? ನಮ್ಮನೇದು! ಗಾಳಿ ಬಂದಾಗ ತೂರಿಕೋ ಅಂತಾರೆ. ನಿಮಗೆ ಗಾಳಿ ಬರೋತನಕ ಕಾಯೋ ಕಷ್ಟಾನೂ ಇಲ್ಲ. ಗುಬ್ಬಿ ಬೆನ್ನ ಹಿಂದಿಂದ ಒಂಚೂರು ಗಾಳಿ ಬಿಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಅದು ಅಪರಾಧ ಕಣೇ!"

"ಬಸ್ಸಿಗೂ ಅಷ್ಟೇ ಭಾವ," ಅಂದ ಬಾಮೈದ, ನಾನು ಏನೂ ಹೇಳಿಯೇ ಇಲ್ಲವೆಂಬಂತೆ. "ಹಿಂದಿಂದ ಗಾಳಿ ಇದ್ರೆ ಗೇರು ಹಾಕೋದೇ ಬೇಡ, ತಾನೇ ಓಡುತ್ತೆ. ಬೇಕಾದ್ರೆ ಈಗ್ಲೇ ತೋರಿಸ್ತೀನಿ."

ಆಮೇಲೆ ನಡುಮನೆಯಲ್ಲಿ ಒಂದು ವೈಜ್ಞಾನಿಕ ಪ್ರಯೋಗ ಜರುಗಿತು. ಸೋಫಾ ಅಂಚಿಗೆ ಹೋಯಿತು. ಟೇಬಲ್ ಫ್ಯಾನಿನ ಕತ್ತನ್ನು ಬಿಗಿಮಾಡಿ ಅಕ್ಕನ ಬೆನ್ನಿಗೆ ಇಟ್ಟರು. ನಡುವೆ ನೆಟ್ಟಿನ ಬದಲು ನನ್ನ ಟವೆಲ್ ಕಟ್ಟಿದರು. ಕೆಳಗಿನ ಟೈಲರ್ ಮನೆಯಿಂದ ಗುಬ್ಬಿಯ ಹಳೆಯ ರ‍್ಯಾಕೆಟ್ಟುಗಳೂ ಪುಕ್ಕದ ಚೆಂಡುಗಳೂ ಬಂದವು. ಹೆಂಡತಿ ಹೊಡೆದ ಮೊದಲನೆಯ ಚೆಂಡು ಗಾಳಿಯ ಜೊತೆ ಸೇರಿ ತಮ್ಮನ ತಲೆಯ ಮೇಲೆ ಹಾರಿ ಗಡಿಯಾರಕ್ಕೆ ಬಡಿಯಿತು. ಎರಡನೆಯದು ಅಡುಗೆಮನೆಗೆ ಹೋಯಿತು. ಮೂರನೆಯದು ನನ್ನ ಟೀ ಲೋಟದೊಳಗೆ ತಲೆಕೆಳಗಾಗಿ ಕೂತಿತು.

"ನೋಡಿದ್ರಾ! ಎಷ್ಟು ದೂರ ಹೋಯ್ತು!" ಅಂದಳು ಹೆಂಡತಿ, ಏದುಸಿರು ಬಿಡುತ್ತ.

ಚೆಂಡು ದೂರ ಹೋಗುವುದಲ್ಲ, ಗೆರೆಯೊಳಗೆ ಬೀಳುವುದು ಆಟ ಎಂದು ಹೇಳೋಣವೆಂದುಕೊಂಡೆ. ಹೇಳಲಿಲ್ಲ. ರ‍್ಯಾಕೆಟ್ ಇನ್ನೂ ಅವಳ ಕೈಯಲ್ಲಿತ್ತು.

ಅತ್ತೆ ಮಾತ್ರ ಮೂಲೆಯಿಂದ, "ಆ ಮಗೂನ ಅದರ ಪಾಡಿಗೆ ಬಿಡ್ರೇ. ಆ ಕ್ರೀಡಾಂಗಣದಲ್ಲೇ ಬೆಳೆದಿದೆ. ಅಲ್ಲಿ ಏನೇನಿದೆ ಅಂತ ನಿಮಗಿಂತ ಅದಕ್ಕೆ ಚೆನ್ನಾಗಿ ಗೊತ್ತು," ಅಂದರು. ನನ್ನ ಮನೆಯಲ್ಲಿ ಅಂಪೈರು ಮೊದಲ ಬಾರಿಗೆ ಸರಿಯಾದ ತೀರ್ಪು ಕೊಟ್ಟರು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ನಾನೂ ಸೇರಿದ ಹಾಗೆ.

ಒಪ್ಪಂದ ಹೀಗಾಯಿತು: ಗುಬ್ಬಿ ಫೈನಲ್ಲಿಗೆ ಬಂದರೆ, ಹೆಂಡತಿ ನೌಕರರ ಕುಟುಂಬದ ಪಾಸಿನಲ್ಲಿ ಬಂದು ನನ್ನ ಯಂತ್ರದ ಕೋಣೆಯ ಚಿಕ್ಕ ಗಾಜಿನ ಕಿಟಕಿಗೆ ಕಾಣುವಂತೆ ಕೂರುವುದು. ಹಸಿರು ನೀರಿನ ಬಾಟಲಿ ಎತ್ತಿ ಬೀಸಿದರೆ ನಾನು ಗಾಳಿ ಬಿಡುವುದು. ನಾನು ಇದಕ್ಕೆ "ಹೂಂ" ಅಂದೆ. ನನ್ನ "ಹೂಂ" ಅಂದರೆ ಒಪ್ಪಿಗೆಯಲ್ಲ, ಮಾತು ಮುಗಿಯಲಿ ಎಂಬ ಪ್ರಾರ್ಥನೆ. ಮದುವೆಯಾಗಿ ಮೂವತ್ತು ವರ್ಷವಾದರೂ ಹೆಂಡತಿಗೆ ಈ ವ್ಯತ್ಯಾಸ ತಿಳಿದಿಲ್ಲ.

"ಗುಬ್ಬಿ ಸೋತ್ರೆ," ಅಂತ ಅವಳು ಕಳೆದುಹೋಗಿದ್ದ ಚಪ್ಪಲಿಯನ್ನು ಸೋಫಾದ ಕೆಳಗಿಂದ ತೆಗೆದುಕೊಡುತ್ತ ಅಂದಳು, "ನೀವು ಆ ಎ.ಸಿ. ರೂಮಲ್ಲೇ ಇದ್ದುಬಿಡಿ. ಊಟ ಅಲ್ಲಿಗೇ ಕಳಿಸ್ತೀನಿ. ತಣ್ಣಗಿರೋದು."

ಇದು ಒಂದು ಕಡೆಯ ಹೆದರಿಕೆ. ಇನ್ನೊಂದು ಕಡೆಯದು ಯಂತ್ರದ ಕೋಣೆಯಲ್ಲೇ ನನಗಾಗಿ ಕಾಯುತ್ತಿತ್ತು.

ಪಂದ್ಯಾವಳಿಯ ಮೇಲ್ವಿಚಾರಣೆಗೆಂದು ಹೊರದೇಶದಿಂದ ಒಬ್ಬ ಅಧಿಕಾರಿಣಿ ಬಂದಿದ್ದರು. ಆರು ಅಡಿ ಎತ್ತರ, ಕತ್ತಿಗೆ ಸದಾ ಬೂದು ಮಫ್ಲರು. ಮಫ್ಲರ್ ಮೇಡಂ ಎಂದು ನಾನು (ಮನಸ್ಸಿನಲ್ಲೇ, ಅದೂ ಮೆಲ್ಲಗೆ) ಹೆಸರಿಟ್ಟಿದ್ದೆ. ಅವರ ಭಾಷೆ ನನಗೆ ಅರ್ಧ ಬರುತ್ತದೆ. ಉಳಿದರ್ಧವನ್ನು ಭಯವೇ ಅನುವಾದ ಮಾಡಿಕೊಡುತ್ತಿತ್ತು. ಅವರು ಗಾಳಿ ಬರುವ ಕಿಂಡಿಗಳಿಗೆಲ್ಲ ಕಾಗದದ ಪಟ್ಟಿ ಅಂಟಿಸಿ, ಯಾವುದು ಎಷ್ಟು ಅಲುಗುತ್ತದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಸೆಮಿಫೈನಲ್ಲಿನಲ್ಲಿ ಗುಬ್ಬಿ ಗೆದ್ದ ಸಂಜೆ ನನ್ನ ಕೋಣೆಗೆ ಬಂದು, ನನ್ನ ಸ್ಟೂಲಿನ ಮೇಲೆ ಕೂತರು. ನಾನು ಎದ್ದು ನಿಂತೆ. ನಿಂತೇ ಇದ್ದೆನಾದ್ದರಿಂದ ಇನ್ನಷ್ಟು ಎದ್ದೆ.

"ಮಿಸ್ಟರ್, ಎಡಮೂಲೆಯ ಪಟ್ಟಿ ಯಾಕೆ ಎಲ್ಲಕ್ಕಿಂತ ಜಾಸ್ತಿ ಅಲುಗುತ್ತೆ?"

ಆ ಪ್ರಶ್ನೆಗೆ ಉತ್ತರವಿದೆ. ಗಾಳಿ ಬರುವ ತಗಡಿನ ಕೊಳವೆಯ ಬಾಯಲ್ಲಿ ಗಾಳಿಯನ್ನು ಹೆಚ್ಚು ಕಮ್ಮಿ ಮಾಡುವ ರೆಕ್ಕೆಗಳಿರುತ್ತವೆ. ಡ್ಯಾಂಪರ್ ಅನ್ನುತ್ತೇವೆ. ಎಡಮೂಲೆಯ ಡ್ಯಾಂಪರ್ ಹನ್ನೊಂದು ವರ್ಷದ ಹಿಂದೆ ಸಿಕ್ಕಿಹಾಕಿಕೊಂಡು ಅರ್ಧ ಬಾಯಿ ತೆರೆದೇ ಇದೆ. ಹಾಗಾಗಿ ಅಂಕಣದ ಮೇಲೆ ಎಡದಿಂದ ಬಲಕ್ಕೆ ಸದಾ ಒಂದು ಸಣ್ಣ ಗಾಳಿ. ಲಾಗ್ ಬುಕ್ಕಿನಲ್ಲಿ ಪ್ರತಿ ತಿಂಗಳೂ "ಎಡಮೂಲೆ ಡ್ಯಾಂಪರ್ ಸರಿಪಡಿಸಬೇಕಾಗಿದೆ" ಎಂದು ನಾನೇ ಬರೆದು, ನಾನೇ ಓದಿ, ನಾನೇ ಪುಟ ತಿರುವುತ್ತಿದ್ದೆ. ಇಷ್ಟನ್ನೂ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಅದು ಹಾಗೇ ಮೇಡಂ," ಎಂಬುದಷ್ಟೇ.

ಮೇಡಂ ಪುಸ್ತಕದಲ್ಲಿ ಏನೋ ಬರೆದುಕೊಂಡರು. "ಎದುರಾಳಿ ತಂಡದ ಕೋಚ್ ನನ್ನನ್ನು ಕೇಳಿದರು. ಆತಿಥೇಯರ ಗಾಳಿ ಆತಿಥೇಯರಿಗೇ ಬೀಸುತ್ತಾ ಅಂತ. ಹಿಂದೆ ಒಂದು ದೇಶದಲ್ಲಿ ನಿಮ್ಮ ಹಾಗೆಯೇ ಒಬ್ಬ ಆಪರೇಟರ್ ಇದ್ದರು. ತಮ್ಮ ದೇಶದವರು ಆಡುವಾಗ ಗಾಳಿ ತಿರುಗಿಸ್ತಿದ್ದರು."

"ಈಗ ಅವರು ಎಲ್ಲಿದ್ದಾರೆ ಮೇಡಂ?"

"ಗಾಳಿ ಇಲ್ಲದ ಕಡೆ," ಅಂದು ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡು ಹೊರಟುಹೋದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕುಂಬಳಕಾಯಿಯನ್ನು ಕಣ್ಣಲ್ಲೂ ಕಾಣದ ನಾನು ಹೆಗಲು, ಬೆನ್ನು, ಸೊಂಟ ಎಲ್ಲ ಮುಟ್ಟಿ ನೋಡಿಕೊಂಡೆ. ಒಂದು ಕಡೆ ಹಸಿರು ಬಾಟಲಿ, ಒಂದು ಕಡೆ ಬೂದು ಮಫ್ಲರು. ಅತ್ತ ದರಿ, ಇತ್ತ ಪುಲಿ. ದರಿಗಾದರೂ ಹಾರಬಹುದು, ಪುಲಿ ಮನೆಯಲ್ಲಿ ಅಡುಗೆ ಮಾಡುತ್ತಿತ್ತು.

ಫೈನಲ್ಲಿನ ದಿನ ಬೆಳಿಗ್ಗೆ ಆರಕ್ಕೇ ಹೋದೆ. ನನ್ನ ಮೇಲೆ ಯಾರೂ ಬೆರಳು ತೋರಿಸಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಏಣಿ ಹತ್ತಿ, ಎಡಮೂಲೆಯ ಡ್ಯಾಂಪರಿಗೆ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿದೆ. ಹನ್ನೊಂದು ವರ್ಷ ಸತಾಯಿಸಿದ ಅದು ಹತ್ತೇ ನಿಮಿಷದಲ್ಲಿ 'ಕಿರ್' ಎಂದು ಮುಚ್ಚಿಕೊಂಡು ಉಳಿದವುಗಳ ಸಮಕ್ಕೆ ನಿಂತಿತು. ಕಾಗದದ ಪಟ್ಟಿಗಳೆಲ್ಲ ಶಾಲಾ ಮಕ್ಕಳ ಹಾಗೆ ಸಾಲಾಗಿ, ಒಂದೇ ಸಮನೆ ತೂಗಾಡಿದವು. ಅಂಕಣದಲ್ಲಿ ಎಲ್ಲಿ ನಿಂತರೂ ಒಂದೇ ಗಾಳಿ. ಯಾರ ಕಡೆಗೂ ಇಲ್ಲ. ಹೆದರುವವನಿಗೆ ದಾಖಲೆಯೇ ದೇವರು. ಲಾಗ್ ಬುಕ್ಕಿನಲ್ಲಿ "ಬೆಳಿಗ್ಗೆ 6.10, ಎಡಮೂಲೆ ಡ್ಯಾಂಪರ್ ಸ್ವಂತ ಇಚ್ಛೆಯಿಂದ ಸರಿಪಡಿಸಲಾಯಿತು" ಎಂದು ಬರೆದು, ಎರಡು ಸಹಿ ಹಾಕಿದೆ. ಎರಡು ವಾರದಲ್ಲಿ ಮೊದಲ ಬಾರಿಗೆ ಎದೆ ಹಗುರಾಯಿತು.

ಮಧ್ಯಾಹ್ನ ಮೂರಕ್ಕೆ ಆಟ. ಆ ಬೆಳಗಿನ ಅಭ್ಯಾಸವೆಲ್ಲ ಪಕ್ಕದ ಕಟ್ಟಡದಲ್ಲಾದ್ದರಿಂದ ಗುಬ್ಬಿ ಕ್ರೀಡಾಂಗಣಕ್ಕೆ ಬಂದದ್ದು ಆಗಲೇ. ಐದು ಸಾವಿರ ಜನ ಎದ್ದು ಕೂಗಿದರು. ಟೈಲರ್ ಮೊದಲ ಸಾಲಿನಲ್ಲಿ ಟೇಪಿನ ತುದಿ ಕಚ್ಚಿಕೊಂಡು ಕೂತಿದ್ದ. ನನ್ನ ಕಿಟಕಿಗೆ ನೇರವಾಗಿ ಹೆಂಡತಿ, ತೊಡೆಯ ಮೇಲೆ ಹಸಿರು ಬಾಟಲಿ. ಪಕ್ಕದಲ್ಲಿ ಬಾಮೈದ. ಅವಳ ಮುಂದಿನ ಸಾಲಿನಲ್ಲೇ ನಮ್ಮ ಕ್ರೀಡಾಂಗಣದ ಸಾಹೇಬರು, ಇಸ್ತ್ರಿ ಮಾಡಿದ ಬಿಳಿ ಕೋಟಿನಲ್ಲಿ.

ಗುಬ್ಬಿಯ ಮೊದಲ ಹೊಡೆತ ಎಡಗೆರೆಯ ಆಚೆ ಬಿತ್ತು. ಎರಡನೆಯದೂ ಎಡಗೆರೆಯ ಆಚೆ. ನಾಲ್ಕನೆಯದೂ. ಒಂದು ಗೇಣು, ಬರೀ ಒಂದು ಗೇಣು ಆಚೆ.

ಆಗ ನನಗೆ ಹೊಳೆಯಿತು. ಹೊಳೆದ ಕೂಡಲೇ ಸ್ಟೂಲು ಹುಡುಕಿಕೊಂಡು ಕೂತೆ. ಈ ಹುಡುಗಿ ಹನ್ನೊಂದು ವರ್ಷ ಆಡಿದ್ದು ಎಡಮೂಲೆಯ ಆ ಗಾಳಿಯಲ್ಲಿ. ಚೆಂಡನ್ನು ಗೆರೆಯಿಂದ ಒಂದು ಗೇಣು ಆಚೆಗೆ ಹೊಡೆದರೆ ಗಾಳಿ ಅದನ್ನು ಕೈಹಿಡಿದು ಒಳಗೆ ತಂದು ಬಿಡುತ್ತಿತ್ತು. ಅದು ಅವಳ ಕೈಗೆ ಅಭ್ಯಾಸವಾಗಿತ್ತು. ಪತ್ರಿಕೆಯಲ್ಲಿ ಬರೆದಿದ್ದ ತವರು ನೆಲದ ಅನುಕೂಲ ಅಂದರೆ ಅದೇ. ಯಾರೂ ಕೊಡಬೇಕಾಗಿರಲಿಲ್ಲ, ಯಾರೂ ಕದಿಯಬೇಕಾಗಿರಲಿಲ್ಲ, ನನ್ನ ಸೋಮಾರಿತನವೇ ಅದನ್ನು ಹನ್ನೊಂದು ವರ್ಷ ಸಾಕಿಕೊಂಡು ಬಂದಿತ್ತು. ಅದನ್ನು ನಾನು ಸುತ್ತಿಗೆಯ ನಾಲ್ಕು ಏಟಿನಲ್ಲಿ ಮುಗಿಸಿದ್ದೆ.

ಮೊದಲ ಗೇಮು 21-9. ಸೋತಳು. ಕ್ರೀಡಾಂಗಣ ಸ್ಮಶಾನದಂತಾಯಿತು. ಹಸಿರು ಬಾಟಲಿ ಮಾತ್ರ ಮೇಲೆದ್ದು ಹುಚ್ಚು ಹಿಡಿದಂತೆ ಬೀಸುತ್ತಿತ್ತು.

ಮತ್ತೆ ಏಣಿ ಹತ್ತಿ ಡ್ಯಾಂಪರ್ ಎಳೆದುಬಿಡಲೇ? ಆಟದ ನಡುವೆ ಮುಟ್ಟಿದರೆ ಸಾಕ್ಷಾತ್ ಅಪರಾಧ. ಗಾಳಿಯಿಲ್ಲದ ಕಡೆಗೆ ನೇರ ಟಿಕೆಟು. ಮುಟ್ಟದಿದ್ದರೆ ಈ ಮಗುವಿನ ಹನ್ನೊಂದು ವರ್ಷ ನನ್ನಿಂದ ನೀರುಪಾಲು. ನಿಜ ಹೇಳುತ್ತೇನೆ, ಆಗ ನನಗೆ ಜೈಲಿನದೂ ಹೆಂಡತಿಯದೂ ಭಯವಿರಲಿಲ್ಲ. ಟೈಲರ್ ಕಡೆ ನೋಡಲು ಭಯವಾಗುತ್ತಿತ್ತು. ನನ್ನ ಕೈ ತಾನಾಗಿ ಏಣಿಯ ಮೇಲೆ ಹೋಯಿತು.

ಬಾಗಿಲು ತೆರೆಯಿತು. ಮಫ್ಲರ್ ಮೇಡಂ.

"ಮಿಸ್ಟರ್, ಏಣಿ ಯಾಕೆ?"

"ಆಸರೆಗೆ ಮೇಡಂ."

ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. "ಅಲ್ಲೊಬ್ಬ ಹೆಂಗಸು ಬಾಟಲಿ ಹಿಡಿದು ಈ ಕಿಟಕಿಗೇ ಸನ್ನೆ ಮಾಡ್ತಿದ್ದಾಳೆ. ಯಾರು ಅವಳು?"

ಮೂವತ್ತು ವರ್ಷದ ದಾಂಪತ್ಯ ಕಣ್ಣ ಮುಂದೆ ಹಾದುಹೋಯಿತು. ಪೂರ್ತಿ ಹಾದುಹೋಗುವ ಮೊದಲೇ ನನ್ನ ಬಾಯಿ ಹೇಳಿಬಿಟ್ಟಿತ್ತು: "ಆ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ ಮೇಡಂ."

"ಯಾಕೆ ಬೀಸ್ತಿದ್ದಾಳೆ?"

"ಬಾಯಾರಿಕೆ ಇರಬೇಕು."

ಮೇಡಂ ನನ್ನನ್ನೊಮ್ಮೆ, ಬಾಟಲಿಯನ್ನೊಮ್ಮೆ ನೋಡಿ, "ಆಟ ಮುಗಿಯೋವರೆಗೂ ನಾನು ಇಲ್ಲೇ ಇರ್ತೀನಿ," ಎಂದು ಲಾಗ್ ಬುಕ್ ಎತ್ತಿಕೊಂಡು ನನ್ನ ಸ್ಟೂಲಿನ ಮೇಲೆ ಕೂತರು. ನಾನು ಏಣಿಯನ್ನೇ ಹಿಡಿದುಕೊಂಡು ನಿಂತೆ. ಆ ಕೋಣೆಯಲ್ಲಿ ಹದಿನಾರು ಡಿಗ್ರಿ. ನನ್ನ ಅಂಗಿ ಹಿಂಡಿದರೆ ಒಂದು ಬಕೆಟ್ ನೀರು ಬರುತ್ತಿತ್ತು.

ಕೆಳಗೆ ಗುಬ್ಬಿ ಸುಮ್ಮನೆ ನಿಂತಿದ್ದಳು. ಹಳೆಯ ಚೆಂಡಿನಿಂದ ಒಂದು ಪುಕ್ಕ ಕಿತ್ತು, ತಲೆಯ ಮೇಲಕ್ಕೆ ಹಿಡಿದು ಬಿಟ್ಟಳು. ಅದು ಅಲ್ಲೇ, ಅವಳ ಕಾಲ ಹತ್ತಿರ ನೇರವಾಗಿ ಬಿತ್ತು. ಎಡಮೂಲೆಯ ಕಾಗದದ ಪಟ್ಟಿಯನ್ನು ನೋಡಿದಳು. ಆಮೇಲೆ ನನ್ನ ಕಿಟಕಿಯನ್ನು ನೋಡಿದಳು. ನಾನು ಏಣಿಯ ಹಿಂದೆ ಅವಿತುಕೊಂಡೆ. (ಏಣಿಯ ಹಿಂದೆ ಅವಿತುಕೊಂಡರೆ ಎಲ್ಲವೂ ಕಾಣುತ್ತದೆ ಎಂಬುದು ಆಮೇಲೆ ತಿಳಿಯಿತು.) ಅವಳು ತಲೆಯಾಡಿಸಿ, ರ‍್ಯಾಕೆಟ್ ತಿರುಗಿಸಿ ಹಿಡಿದು ಅಂಕಣದೊಳಗೆ ಹೋದಳು.

ಮುಂದಿನ ಹೊಡೆತ ಗೆರೆಯ ಒಂದು ಗೇಣು ಒಳಗೆ ಬಿತ್ತು. ಅದರ ಮುಂದಿನದು ಗೆರೆಯ ಮೇಲೇ. ಎರಡನೆಯ ಗೇಮು ನಮ್ಮದು, 21-17. ಮೂರನೆಯದರಲ್ಲಿ ಇಬ್ಬರೂ ಇಪ್ಪತ್ತಕ್ಕೆ ಬಂದು ನಿಂತಾಗ ನಾನು ಕಣ್ಣು ಮುಚ್ಚಿಕೊಂಡೆ. ಮೊದಲು ಒಂದು ಗರ್ಜನೆ, ಆಮೇಲೆ ಕಿವಿಗಡಚಿಕ್ಕುವ ಇನ್ನೊಂದು. ಕಣ್ಣು ತೆರೆದರೆ 22-20. ಗುಬ್ಬಿ ನೆಲದ ಮೇಲೆ ಕೂತು ಅಳುತ್ತಿದ್ದಳು. ಟೈಲರ್ ಬೇಲಿ ಹಾರಿದ್ದ. ಹಸಿರು ಬಾಟಲಿಯ ಮುಚ್ಚಳ ಸಂತೋಷದಲ್ಲಿ ಎಲ್ಲೋ ಹಾರಿ, ನೀರೆಲ್ಲ ಸಾಹೇಬರ ಬಿಳಿ ಕೋಟಿನ ಮೇಲೆ ಅಭಿಷೇಕವಾಗಿತ್ತು.

"ಆ ಹೆಂಗಸಿಗೆ ಬಾಯಾರಿಕೆ ತೀರಿತು ಅಂತ ಕಾಣುತ್ತೆ," ಎಂದು ಹೇಳಿ ಮೇಡಂ ಎದ್ದರು. ಲಾಗ್ ಬುಕ್ಕಿನ ಆ ದಿನದ ಪುಟ ತೆರೆದೇ ಇತ್ತು.

ಬದುಕಿದೆಯಾ ಬಡಜೀವವೇ ಎಂದುಕೊಂಡು ಮನೆಗೆ ಬಂದರೆ, ಬಾಗಿಲಲ್ಲೇ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಮದುವೆಯ ದಿನ ಹಿಡಿದಿದ್ದಳು, ಆಮೇಲೆ ಇದೇ.

"ನಿಮಗೆ ಧೈರ್ಯವೇ ಇಲ್ಲ ಅಂದ್ಕೊಂಡಿದ್ದೆ ಕಣ್ರೀ. ನಾನು ಬಾಟಲಿ ಬೀಸಿದ್ದೇ ತಡ, ಎರಡನೇ ಗೇಮಿಂದ ಹೆಂಗೆ ತಿರುಗಿಸಿಬಿಟ್ರಿ!"

"ನಾನೇನೂ ಮಾಡ್ಲಿಲ್ಲ ಕಣೇ. ನಿನ್ನಾಣೆಗೂ ಏನೂ ಮಾಡ್ಲಿಲ್ಲ."

"ಹಾಂ, ಹಾಗೇ ಹೇಳ್ಬೇಕು ಎಲ್ಲರ ಹತ್ರಾನೂ," ಎಂದು ಕಣ್ಣು ಮಿಟುಕಿಸಿದಳು. "ನೋಡಮ್ಮಾ, ಎಷ್ಟು ಚೆನ್ನಾಗಿ ಹೇಳ್ತಾರೆ!"

ಅಂದಿನಿಂದ ಒಂದು ವಾರ ನಾನು ಅನುಭವಿಸಿದ ಸುಖ ಯಾವ ಶತ್ರುವಿಗೂ ಬೇಡ. ನನ್ನ ಕುರ್ಚಿ ನಡುಮನೆಯ ಮಧ್ಯಕ್ಕೆ ಬಂತು. ಫ್ಯಾನಿನ ಕತ್ತನ್ನು ಹೆಂಡತಿ ಸ್ವತಃ ಬಿಗಿಮಾಡಿ ನನ್ನ ಕಡೆಗೇ ನಿಲ್ಲಿಸಿದಳು. ಬಿಸಿ ಊಟದ ಮೊದಲ ತಟ್ಟೆ ನನಗೆ. ಬಾಮೈದ ಬಸ್ಸಿನ ಅರವತ್ತು ಮಕ್ಕಳಿಗೂ ಗುಟ್ಟಾಗಿ ವಿಷಯ ಹೇಳಿದ್ದರಿಂದ ನೂರಿಪ್ಪತ್ತು ತಂದೆತಾಯಿಗಳಿಗೆ ಗುಟ್ಟಾಗಿ ತಿಳಿಯಿತು. ಬೀದಿಯಲ್ಲಿ ಹೋದರೆ ಮಕ್ಕಳು "ಗಾಳಿ ಮಾಮ! ಗಾಳಿ ಮಾಮ!" ಎಂದು ಕೆನ್ನೆ ಉಬ್ಬಿಸಿ ಊದುತ್ತಿದ್ದರು. ಪ್ರತಿ ಸಲ ಊದಿದಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಮಾಡಿದ್ದೇನೆ ಅಂದರೆ ಜೈಲು. ಮಾಡಿಲ್ಲ ಅಂದರೆ ಯಾರೂ ನಂಬುವುದಿಲ್ಲ. ನಿಜವಾಗಿ ಏನು ಮಾಡಿದೆ ಎಂದು ಹೇಳಿದರೆ, ಮನೆ.

ಭಾನುವಾರ ಬೆಳಿಗ್ಗೆ ಕಟ್ಟಡದವರೆಲ್ಲ ಮೆಟ್ಟಿಲ ಬುಡದಲ್ಲಿ ಗುಬ್ಬಿಗೊಂದು ಸನ್ಮಾನ ಇಟ್ಟುಕೊಂಡರು. ಅವಳ ಪಕ್ಕದ ಕುರ್ಚಿ ನನಗೆ. ಬೇಡವೆಂದರೂ ಬಿಡಲಿಲ್ಲ. ಹೆಂಡತಿ ಮೊದಲ ಸಾಲಿನಲ್ಲಿ, ಹಸಿರು ಬಾಟಲಿಯ ಸಮೇತ. ಸಿಹಿ ಹಂಚುವಷ್ಟರಲ್ಲಿ ಕಾರೊಂದು ಬಂದು ನಿಂತಿತು. ಸಾಹೇಬರು ಇಳಿದರು, ಕೈಯಲ್ಲಿ ಉದ್ದನೆಯ ಲಕೋಟೆ. ನಾನು ಎದ್ದು ಓಡೋಣವೆಂದುಕೊಂಡೆ, ಸುತ್ತಲೂ ಜನ, ಜಾಗವಿರಲಿಲ್ಲ.

"ಇವರ ಬಗ್ಗೆ ಅಂತರರಾಷ್ಟ್ರೀಯ ಸಂಸ್ಥೆಯಿಂದ ಪತ್ರ ಬಂದಿದೆ," ಅಂದರು ಸಾಹೇಬರು.

ಹೆಂಡತಿಯ ಮುಖದಲ್ಲಿ ಮೊದಲ ಬಾರಿಗೆ ಭಯ ಕಂಡಿತು. ನನಗಾಗಿ ಭಯ! ಆ ಗಾಬರಿಯಲ್ಲೂ ನನಗದು ಇಷ್ಟವಾಯಿತು.

ಸಾಹೇಬರು ಕನ್ನಡಕ ಏರಿಸಿ ಓದತೊಡಗಿದರು. "'ನಾನು ಮೂವತ್ತೊಂದು ದೇಶಗಳಲ್ಲಿ ಪಂದ್ಯ ನಡೆಸಿದ್ದೇನೆ. ಎಲ್ಲೆಡೆಯೂ ಆತಿಥೇಯರಿಗೆ ಅಷ್ಟಿಷ್ಟು ಅನುಕೂಲ ಇದ್ದೇ ಇರುತ್ತದೆ. ಅದನ್ನು ಬೇರುಸಹಿತ ಕಿತ್ತುಹಾಕಿದ ಒಬ್ಬನೇ ಒಬ್ಬ ನೌಕರನನ್ನು ಕಂಡದ್ದು ನಿಮ್ಮಲ್ಲಿ. ನಿಮ್ಮ ಆಟಗಾರ್ತಿಗೆ ಹನ್ನೊಂದು ವರ್ಷಗಳಿಂದ ಅಭ್ಯಾಸವಾಗಿದ್ದ ಎಡಮೂಲೆಯ ಗಾಳಿಯನ್ನು ಈ ಪ್ರಾಮಾಣಿಕ ವ್ಯಕ್ತಿ ಫೈನಲ್ಲಿನ ದಿನ ಬೆಳಿಗ್ಗೆ ಆರು ಹತ್ತಕ್ಕೆ, ಯಾರೂ ಕೇಳದೆಯೇ, ಸ್ವಂತ ಕೈಯಿಂದ ನಿಲ್ಲಿಸಿದರು...'"

ಟೈಲರ್ ಕೈಯಲ್ಲಿದ್ದ ಸಿಹಿಯ ತಟ್ಟೆ ಮೆಲ್ಲಗೆ ಕೆಳಗಿಳಿಯಿತು.

"ಮಾಮ, ಅದು ನೀವಾ?" ಅಂದಳು ಗುಬ್ಬಿ. "ಮೊದಲ್ನೇ ಗೇಮಲ್ಲಿ ನನ್ನ ಕೈಗೇ ಏನೋ ಆಗಿದೆ ಅಂದ್ಕೊಂಡು ಪ್ರಾಣ ಹೋಗಿತ್ತು ನಂಗೆ."

"ತಪ್ಪಾಯ್ತು ಮಗು," ಅಂದೆ. "ಹೆದರ್ಕೊಂಡುಬಿಟ್ಟೆ."

ಅವಳು ಫಕ್ಕನೆ ನಕ್ಕಳು. "ಹೋಗ್ಲಿ ಬಿಡಿ ಮಾಮ. ವಿಶ್ವಕೂಟ ನಡೆಯೋ ಕಡೆ ನಮ್ಮ ಎಡಮೂಲೆ ಇರಲ್ವಲ್ಲ. ಎಲ್ಲಾದ್ರೂ ಒಂದು ಕಡೆ ಕಲೀಲೇಬೇಕಿತ್ತು. ಇಲ್ಲೇ ಆಯ್ತು."

ನನ್ನ ಕಣ್ಣಲ್ಲಿ ನೀರು ಬಂತು. ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಪುಣ್ಯವಂತ. ಆದರೆ ಸಾಹೇಬರ ಕೈಯಲ್ಲಿ ಇನ್ನೊಂದು ಹಾಳೆ ಇತ್ತು.

"ಇನ್ನೂ ಇದೆ," ಎಂದು ಅವರು ಗಂಟಲು ಸರಿಮಾಡಿಕೊಂಡರು. "'ಪ್ರೇಕ್ಷಕರ ನಡುವಿನಿಂದ ಹಸಿರು ಬಾಟಲಿ ಹಿಡಿದ ಒಬ್ಬ ಮಹಿಳೆ ಅಸಭ್ಯವಾಗಿ ಸನ್ನೆ ಮಾಡಿ ಒತ್ತಡ ತಂದರೂ ಅವರು ಜಗ್ಗಲಿಲ್ಲ. ನಾನು ವಿಚಾರಿಸಿದಾಗ, "ಆ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ" ಎಂದು ಒಂದು ಕ್ಷಣವೂ ತಡಮಾಡದೆ ಹೇಳಿದರು.'"

ಎಲ್ಲರೂ ಮೊದಲು ಬಾಟಲಿಯನ್ನು ನೋಡಿದರು. ಆಮೇಲೆ ನನ್ನನ್ನು. ಸಾಹೇಬರು ತಮ್ಮ ಕೋಟಿನ ಹೆಗಲನ್ನು ಮುಟ್ಟಿ ನೋಡಿಕೊಂಡು, "ಓ, ಅದು ನೀವೇನಾ ಅಮ್ಮಾ?" ಅಂದರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಹೆಂಡತಿ ನಗಲಿಲ್ಲ, ಬೈಯಲೂ ಇಲ್ಲ. ಬಾಟಲಿಯ ಮುಚ್ಚಳವನ್ನು ನಿಧಾನವಾಗಿ, ಬಿಗಿಯಾಗಿ ತಿರುಗಿಸಿ ಎದ್ದು ಮೆಟ್ಟಿಲು ಹತ್ತಿದಳು. ಆ ಮೌನಕ್ಕೆ ನಾನು ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ.

ಪ್ರಶಂಸಾಪತ್ರಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾಳೆ, ಬಂದವರೆಲ್ಲ ಓದಲಿ ಎಂದು. ಎರಡನೆಯ ಹಾಳೆಯನ್ನು ಮಾತ್ರ. ಬಂದವರು ನನ್ನ ಕಡೆ ಕೈ ತೋರಿಸಿ ಏನಾದರೂ ಕೇಳಿದರೆ, "ಆ ಮನುಷ್ಯ ಯಾರೋ ನಂಗೆ ಗೊತ್ತೇ ಇಲ್ಲ," ಅನ್ನುತ್ತಾಳೆ. ಬಾಮೈದ ಚಪ್ಪಾಳೆ ತಟ್ಟುತ್ತಾನೆ.

ನನ್ನ ಕುರ್ಚಿ ಹಳೆಯ ಜಾಗಕ್ಕೆ ಹೋಗಿದೆ. ಅದಕ್ಕೆ ನನ್ನ ತಕರಾರಿಲ್ಲ. ಟೇಬಲ್ ಫ್ಯಾನನ್ನು ಅಂದು ಮಧ್ಯಾಹ್ನ ಅವಳು ತನ್ನ ಕಡೆಗೆ ತಿರುಗಿಸಿದ ರಭಸಕ್ಕೆ ಅದರ ಕತ್ತು ಅಲ್ಲೇ ಸಿಕ್ಕಿಹಾಕಿಕೊಂಡಿದೆ. ಅತ್ತಿತ್ತ ಅಲುಗುವುದೇ ಇಲ್ಲ. ಒಂದು ತೊಟ್ಟು ಎಣ್ಣೆ, ಸುತ್ತಿಗೆಯ ಒಂದೇ ಏಟು, ಎರಡು ನಿಮಿಷದ ಕೆಲಸ. ಇಪ್ಪತ್ತಾರು ವರ್ಷದ ಅನುಭವಿ ನಾನು, ಬೆವರು ಒರೆಸಿಕೊಳ್ಳುತ್ತ ಅದನ್ನೇ ನೋಡುತ್ತ ಕೂತಿರುತ್ತೇನೆ. ರಿಪೇರಿ ಮಾಡಲು ಹೆದರಿಕೆ.